ಬಹುಮತ ಒಪ್ಪದ ಹೆಡ್ ಮೇಡಂ

ಮೊನ್ನೆ ಬಿಸಿಯೂಟದ ಹೊತ್ತಿಗೆ ಶಾಲೆಯ ವರಾಂಡದಲ್ಲಿ ಹೋಗುತ್ತಿದ್ದೆ. ಯಾವುದೋ ಮಗು ಡಬ್ಬಿ ತೆರೆಯಿತು. ಹುರಿದ ಒಣ ಸೀಗಡಿ, ಕಾಯಿ, ಹುಣಸೆ ಸೇರಿದ ಚಟ್ನಿಯ ವಾಸನೆ... ಹೊಸನಗರದ ಈ ಶಾಲೆಗೆ ನಾನು ಮುಖ್ಯಶಿಕ್ಷಕಿಯಾಗಿ ಬಂದು ಎರಡು ವರ್ಷವಾಯಿತು. ಆ ವಾಸನೆ ಮಾತ್ರ ನನ್ನನ್ನು ಸಾಗರ ತಾಲ್ಲೂಕಿನ ನಮ್ಮ ಹೈಸ್ಕೂಲಿಗೆ, ಹೆಡ್ ಮೇಡಂ ಮೇಜಿನ ಮುಂದಕ್ಕೆ ಕರೆದೊಯ್ದು ನಿಲ್ಲಿಸಿತು.

ಮೇಡಂ ಕುಳ್ಳಗಿದ್ದರು, ಮಾತು ಕಡಿಮೆ. ಅವರು ಬರುವ ತನಕ ಶಾಲಾ ಸಂಸತ್ತಿಗೆ ಜಾಣ ಮಕ್ಕಳನ್ನು ಮೇಷ್ಟ್ರುಗಳೇ ಆರಿಸುತ್ತಿದ್ದರು. ಮೇಡಂ ಚೀಟಿ ಹಾಕಿಸಿ ಮತದಾನ ಮಾಡಿಸಿದರು. ಒಂಬತ್ತನೇ ಕ್ಲಾಸಿನಲ್ಲಿದ್ದ ನಾನು ಪ್ರಧಾನಿಯಾಗಿ ಗೆದ್ದೆ. ಗೆದ್ದ ಅಮಲು ಇಳಿಯುವ ಮೊದಲೇ ಒಂದು ಕೆಲಸ ಮಾಡಿದೆ.

ಹಿನ್ನೀರಿನ ಆಚೆ ದಡದಿಂದ ಲಾಂಚಿನಲ್ಲಿ ಬರುವ ಹುಡುಗಿಯೊಬ್ಬಳು ನಮ್ಮ ಕ್ಲಾಸಿನಲ್ಲಿದ್ದಳು. ಬಿಸಿಯೂಟಕ್ಕೆ ನಂಚಿಕೊಳ್ಳಲು ಸೀಗಡಿ ಚಟ್ನಿ ತರುತ್ತಿದ್ದಳು. ಕೆಲವರು ಮೂಗು ಮುಚ್ಚಿಕೊಂಡರು. ‘ಮೀನು ತರುವವರು ಕಟ್ಟಡದ ಹಿಂದೆ ಕೂತು ಉಣ್ಣಬೇಕು’ ಎಂದು ನಾನೇ ನಿರ್ಣಯ ಬರೆದೆ, ಕ್ಲಾಸಿನಲ್ಲಿ ಕೈ ಎತ್ತಿಸಿದೆ. ಎತ್ತದೇ ಉಳಿದವಳು ಅವಳೊಬ್ಬಳೇ. ಭಾನುವಾರ ನಮ್ಮ ಮನೆಯಲ್ಲೂ ಮೀನು ಮಾಡುತ್ತಾರೆ ಎನ್ನುವುದನ್ನು ನಾನು ಯಾರಿಗೂ ಹೇಳಿರಲಿಲ್ಲ...

ಮೇಡಂ ಕಾಗದ ಓದಿದರು. “ಅವಳನ್ನ ಕೇಳಿದ್ಯಾ?”

“ಬಹುಮತ ಬಂದಿದೆ ಮೇಡಂ.”

“ಆಟಕ್ಕೆ ಯಾವ ಪಿರಿಯಡ್ ಬೇಕು ಅಂತ ಓಟು ಹಾಕಿ, ಕೊಡ್ತೀನಿ. ಒಬ್ಬಳನ್ನ ಪಂಕ್ತಿಯಿಂದ ಎಬ್ಬಿಸೋಕೆ ಶಾಲೆಗೆ ಶಾಲೆಯೇ ಕೈ ಎತ್ತಿದ್ರೂ ಆಗಲ್ಲ.”

ಅದೇ ಕಾಗದದ ಮೇಲೆ ‘ಒಪ್ಪಿಗೆ ಇಲ್ಲ’ ಎಂದು ಕಾರಣ ಸಮೇತ ಬರೆದು ನೋಟಿಸ್ ಬೋರ್ಡಿಗೆ ಹಾಕಿಸಿದರು. “ನನ್ನ ಮೇಲೆ ದೂರು ಕೊಡೋದಾದ್ರೆ ಕೊಡಿ. ಯಾರಿಗೆ ಬರೀಬೇಕು ಅಂತ ನಾನೇ ಹೇಳ್ತೀನಿ” ಎಂದರು.

ಮರುದಿನದಿಂದ ಹುಡುಗಿ ಬರಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಮೇಡಂ ನನ್ನನ್ನು ಲಾಂಚು ಹತ್ತಿಸಿದರು. ಆಚೆ ದಡದಲ್ಲಿ ಇಳಿದು ಅವಳ ಮನೆಗೆ ಹೋದೆವು. “ಇಷ್ಟು ದೂರ ಬಂದ್ರಾ ಮೇಡಂ!” ಎನ್ನುತ್ತ ಹುಡುಗಿಯ ತಾಯಿ ಚಾಪೆ ಹಾಸಿದರು. ಹುಡುಗಿ ಬಾಗಿಲ ಹಿಂದಿನಿಂದ ಹೊರಗೆ ಬರಲೇ ಇಲ್ಲ. ಮೇಡಂ ನನ್ನ ಕಡೆ ನೋಡಿದರು.

“ಬರೆದಿದ್ದು ನಾನು. ತಪ್ಪಾಯ್ತು,” ಎಂದೆ. ಆಮೇಲೆ ಹೇಗೋ ಬಾಯಿಗೆ ಬಂತು: “ನಮ್ಮನೇಲೂ ಮೀನು ಮಾಡ್ತಾರೆ.”

“ಗೊತ್ತಿತ್ತು” ಎಂದಳು ಒಳಗಿನಿಂದ.

ಸೋಮವಾರ ಅವಳು ಬಂದಳು. ಅಂದಿನಿಂದ ಮೇಡಂ ಕೂಡ ತಟ್ಟೆ ಹಿಡಿದು ನಮ್ಮ ಪಂಕ್ತಿಯಲ್ಲೇ ಕೂತರು. ಊರಿನ ಹಿರಿಯರು ಕೆಲವರು ಬಂದು, “ಮಕ್ಳೇ ತೀರ್ಮಾನ ಮಾಡಿದ್ಮೇಲೆ ನಿಮ್ಗೆಂತ ಮೇಡಂ?” ಎಂದರು. “ಆ ಮಕ್ಳಿಗೆ ಕಲಿಸೋಕೇ ಅಲ್ವಾ ನನ್ನ ಇಲ್ಲಿ ಇಟ್ಟಿರೋದು?” ಎಂದು ಮೇಡಂ ಅವರಿಗೆಲ್ಲ ಟೀ ತರಿಸಿಕೊಟ್ಟರು. ಮಾತು ಮಾತ್ರ ಬದಲಿಸಲಿಲ್ಲ. ಕೆಲವು ಮಕ್ಕಳು ಬೇರೆ ಕಡೆ ಕೂತು ಉಂಡರು. ಅವರನ್ನು ಬಲವಂತ ಮಾಡಲಿಲ್ಲ. ಹೆಚ್ಚಿನವರು ತಾವಾಗಿಯೇ ವಾಪಸು ಬಂದರು. ನನ್ನ ಆಪ್ತ ಗೆಳತಿ ಕೊನೆಗೂ ಬರಲಿಲ್ಲ.

ವರ್ಷದ ಕೊನೆಗೆ ಮೇಡಂಗೆ ತೀರ್ಥಹಳ್ಳಿ ಕಡೆ ವರ್ಗವಾಯಿತು. ದೂರಿನಿಂದಲೋ, ಮಾಮೂಲಿನ ವರ್ಗವೋ... ಇವತ್ತಿಗೂ ಗೊತ್ತಿಲ್ಲ. ನಾನು ಮುಖ್ಯಶಿಕ್ಷಕಿಯಾದ ಮೇಲೆ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದ ಅವರ ತಂಗಿ, “ಅಕ್ಕ ಹೋಗಿ ಮೂರು ತಿಂಗಳಾಯ್ತಲ್ಲ...” ಎಂದರು.

ಈಗ ನನ್ನ ಶಾಲೆಯಲ್ಲೂ ಕೆಲವು ಪೋಷಕರು, ಮೀನು ತರುವವರ ಜೊತೆ ಬೇಡ, ಊಟಕ್ಕೆ ನಮ್ಮ ಮಕ್ಕಳನ್ನು ಬೇರೆ ಕೂರಿಸಿ ಎಂದು ಅರ್ಜಿ ಕೊಟ್ಟಿದ್ದಾರೆ. ನಾಳೆ ಸಭೆ. ಆಗುವುದಿಲ್ಲ ಎಂದು ಅವರೆದುರೇ ಹೇಳಬೇಕು. ಗಲಾಟೆಯಾಗಬಹುದು. ಮೇಡಂ ಇದ್ದಿದ್ದರೆ ಒಂದೇ ಒಂದು ಮಾತು ಕೇಳುತ್ತಿದ್ದೆ: ನಿಮಗೂ ಆಗ ಹೆದರಿಕೆ ಆಗಿತ್ತಾ?

ನನಗಂತೂ ಆಗುತ್ತಿದೆ. ಹೇಳಿಯೇ ಹೇಳುತ್ತೇನೆ.