ಅವಳೂ ಕೇಳಿದಳಂತೆ

ಫೋನು ಇದ್ದದ್ದು ಮೆಟ್ಟಿಲ ಕೆಳಗೆ, ಕೋಟು ತೂಗುಹಾಕುವ ಗೂಟಗಳ ಪಕ್ಕ. ಅಡುಗೆಮನೆಯಲ್ಲಿತ್ತು ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈ ಕತೆಯನ್ನು ಯಾರಿಗಾದರೂ ಹೇಳುವಾಗ ಒಲೆಯ ಮೇಲೆ ಏನೋ ಒಂದು ಕುದಿಯುತ್ತಲೂ ಇರುತ್ತಿತ್ತು. ಆದರೆ ಮಾತಾಡುವಾಗ ಮುಖಕ್ಕೆ ಒದ್ದೆ ಉಣ್ಣೆಯ ವಾಸನೆ ಬಡಿಯುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಅಡುಗೆಮನೆಯಲ್ಲಿ ಒದ್ದೆ ಕೋಟು ಯಾರೂ ಇಡುವುದಿಲ್ಲ. ಹಾಗಾಗಿ ಮೆಟ್ಟಿಲ ಕೆಳಗೆ.

ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ, ಏರುಬೀದಿಯ ಒಂದು ಸಾಲುಮನೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೈಸೂರಿನ ನಮ್ಮ ಕಾಲೇಜಿಗೂ ಅಲ್ಲಿನ ಭೂಗೋಳ ವಿಭಾಗಕ್ಕೂ ಒಂದು ಒಪ್ಪಂದವಾಗಿತ್ತು: ಇಲ್ಲಿಂದ ಒಬ್ಬಳು ಅಲ್ಲಿಗೆ, ಅಲ್ಲಿಂದ ಒಬ್ಬಳು ಇಲ್ಲಿಗೆ, ಒಂದು ವರ್ಷ. ಹಾಸ್ಟೆಲಿನ ಖರ್ಚು ಹೊರಲು ಯಾರೂ ತಯಾರಿರಲಿಲ್ಲವಾದ್ದರಿಂದ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಇರುವುದು ಎಂದು ತೀರ್ಮಾನವಾಯಿತು. ನಾನು ಅವಳ ಕೋಣೆಗೆ ಹೋದೆ, ಅವಳು ನನ್ನ ಕೋಣೆಗೆ ಬಂದಳು. ನಾವು ಒಬ್ಬರನ್ನೊಬ್ಬರು ನೋಡಿರಲೇ ಇಲ್ಲ. ಅವಳ ಹಾಸಿಗೆಯಲ್ಲಿ ಅವಳ ಮೈಯ ಅಳತೆಗೆ ಬಿದ್ದಿದ್ದ ತಗ್ಗಿನಲ್ಲಿ ನಾನು ಮಲಗುತ್ತಿದ್ದೆ. ನನ್ನ ಮಂಚ ಅವಳಿಗೆ ಚಿಕ್ಕದಾಗಿ, ಕಾಲ ಬಳಿ ಅಮ್ಮ ಒಂದು ಸ್ಟೂಲು ಇಟ್ಟಳಂತೆ.

ಅವಳ ತಾಯಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಮುಂದಿನ ಮೇಜಿನಲ್ಲಿ ಕೆಲಸ ಮಾಡುತ್ತಿದ್ದರು. ನನ್ನ ಅಮ್ಮನಿಗಿಂತ ದೊಡ್ಡವರು. ಹೆಸರು ಹಿಡಿದು ಕರೆ ಎಂದರು, ನಾಲಿಗೆ ಏಳಲಿಲ್ಲ. ಆಂಟಿ ಎಂದೆ. "ನಾನು ಯಾರಿಗೂ ಆಂಟಿ ಅಲ್ಲ, ಲವ್" ಎಂದು ನಕ್ಕರು. ಕೊನೆಗೆ ಏನೂ ಕರೆಯದೆ, ಅವರಿದ್ದ ಕೋಣೆಗೇ ಹೋಗಿ ಎದುರು ನಿಂತು ಮಾತಾಡುವುದನ್ನು ರೂಢಿಸಿಕೊಂಡೆ.

ತಾಯಿ ಮಗಳ ನಡುವೆ ಮಾತು ನಿಂತುಹೋಗಿತ್ತು. ಕಾರಣ ನನಗೆ ತಿಳಿದದ್ದು ತುಂಡುತುಂಡಾಗಿ, ಹಾಗಾಗಿ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಅವಳ ತಂದೆಗೆ ಗುಡ್ಡದ ಮೇಲೆ ಒಂದು ಅಲಾಟ್‌ಮೆಂಟ್ ಇತ್ತು. ಕೌನ್ಸಿಲ್‌ನವರು ತರಕಾರಿ ಬೆಳೆದುಕೊಳ್ಳಲು ಬಾಡಿಗೆಗೆ ಕೊಡುವ ತುಂಡು ನೆಲ, ಮೂಲೆಯಲ್ಲಿ ಒಂದು ಮರದ ಶೆಡ್ಡು. ನಾನು ಹೋಗುವ ಹಿಂದಿನ ಚಳಿಗಾಲದಲ್ಲಿ ಆತ ತೀರಿಕೊಂಡಿದ್ದರು. ಕೆಲವೇ ವಾರಗಳಲ್ಲಿ ತಾಯಿ ಆ ನೆಲವನ್ನು ಕೌನ್ಸಿಲ್‌ಗೆ ಹಿಂತಿರುಗಿಸಿದರು, ಮಗಳನ್ನು ಒಂದು ಮಾತು ಕೇಳಲಿಲ್ಲ. ಕ್ಷೇತ್ರಕಾರ್ಯಕ್ಕೆಂದು ಬೇರೆ ಊರಿನಲ್ಲಿದ್ದು ಈಸ್ಟರ್ ರಜಕ್ಕೆ ಬಂದ ಮಗಳು ಗುಡ್ಡ ಹತ್ತಿ ನೋಡಿದರೆ, ಅಪ್ಪ ನೆಟ್ಟಿದ್ದ ಗಿಡಗಳ ನಡುವೆ ಯಾರೋ ಅಪರಿಚಿತ ಅಗೆಯುತ್ತಿದ್ದ. ಅವಳು ಮನೆಗೆ ಬಂದು ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಮೈಸೂರಿಗೆ ಅರ್ಜಿ ಹಾಕಿದಳು.

ಮೊದಲ ತಿಂಗಳಲ್ಲಿ ತಾಯಿ ನಮ್ಮ ಮನೆಗೆ ಎರಡು ಸಲ ಫೋನ್ ಮಾಡಿದರಂತೆ. ಎತ್ತಿದ್ದು ಅಮ್ಮ. ಅಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ, ಇಂಗ್ಲಿಷಿನಲ್ಲಂತೂ ಇನ್ನೂ ಬರುವುದಿಲ್ಲ. "ಇಲ್ಲೇ ಇದ್ದಾಳೆ. ಬರುವುದಿಲ್ಲ ಅನ್ನುತ್ತಿದ್ದಾಳೆ" ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಎರಡನೆಯ ಸಲವೂ ಅದೇ ಮಾತು. ಆಮೇಲೆ ಆ ತಾಯಿ ಟೆಲಿಫೋನ್ ಕಂಪನಿಗೆ ಹೇಳಿ ಆ ಫೋನಿನಿಂದ ಪರದೇಶಕ್ಕೆ ನೇರವಾಗಿ ಕರೆ ಹೋಗದಂತೆ ಬಂದ್ ಮಾಡಿಸಿದರು. ಮತ್ತೆ ಮಾಡಬೇಕೆನ್ನಿಸಿದರೂ ಆಗದಿರಲಿ ಎಂದು.

ನಾನು ಪ್ರತಿ ಭಾನುವಾರ ಮಧ್ಯಾಹ್ನ, ಮೂಲೆ ಅಂಗಡಿಯಲ್ಲಿ ಸಿಗುತ್ತಿದ್ದ ಕೆರೆದು ನಂಬರು ಒತ್ತುವ ಕಾರ್ಡಿನಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಅದು ಮೊದಲು ಅಲ್ಲಿನದೇ ಒಂದು ನಂಬರಿಗೆ ಹೋಗುತ್ತಿದ್ದರಿಂದ ಆ ತಡೆ ಅದಕ್ಕೆ ತಗುಲುತ್ತಿರಲಿಲ್ಲ. ಮೈಸೂರಿನಲ್ಲಿ ಆಗ ರಾತ್ರಿಯ ಊಟಕ್ಕೆ ಮುಂಚಿನ ಹೊತ್ತು. ನಮ್ಮ ಮನೆಯಲ್ಲಿ ಫೋನು ಇಡುವ ಮೊದಲು ಒಂದು ಸುತ್ತು ಇರುತ್ತದೆ. "ಅಪ್ಪ ಕೇಳಿದ್ರು. ಅಜ್ಜಿ ಕೇಳಿದ್ರು. ಮೇಲ್ಗಡೆ ಮನೆಯೋರು ಕೇಳಿದ್ರು. ಅಲ್ಲಿ ಆ ಮನೆಯೋರಿಗೂ ಕೇಳ್ದೆ ಅಂತ ಹೇಳು." ಅಷ್ಟೂ ಜನರನ್ನು ದಾಟದೆ ಫೋನು ಇಡಲಾಗದು. ಅಂಥದ್ದೇ ಒಂದು ಭಾನುವಾರ ಅಮ್ಮ ಸುತ್ತು ಮುಗಿಸಿ ಸೇರಿಸಿದಳು: "ಇವಳೂ ಕೇಳಿದ್ಲು ಅಂತ ಅವರಮ್ಮಂಗೆ ಹೇಳು."

ಹೇಳಿದೆ. ತಾಯಿ ಶೂಗೆ ಪಾಲಿಶ್ ಹಾಕುತ್ತಿದ್ದರು. ಅಥವಾ ಪತ್ರಿಕೆ ಓದುತ್ತಿದ್ದರು. "ನನ್ನಮ್ಮ ನಿಮ್ಮನ್ನು ಕೇಳಿದಳು. ನಿಮ್ಮ ಮಗಳೂ ಕೇಳಿದಳಂತೆ" ಎಂದೆ. ಅವರು "ಹೌದಾ" ಎಂದರು ಅಷ್ಟೆ. ಕೈ ನಿಂತಿತ್ತು, ಪಾಲಿಶ್ ಬ್ರಶ್ಶೋ ಪತ್ರಿಕೆಯೋ, ಏನಿತ್ತೋ ಅದು ನಿಂತಿತ್ತು.

ಮುಂದಿನ ಭಾನುವಾರ ಅವರು ಮನೆಯಲ್ಲಿದ್ದರು. ಸಾಮಾನ್ಯವಾಗಿ ಭಾನುವಾರ ಅವರಿಗೆ ಡ್ಯೂಟಿ ಇರುತ್ತಿತ್ತು. ಪಾಳಿಯ ರೋಟಾ ಬದಲಾಯಿಸಿಕೊಂಡೆ ಎಂದರು, ಶನಿವಾರದ ಸಂಜೆ ಪಾಳಿಯನ್ನು ಯಾರಿಂದಲೋ ತೆಗೆದುಕೊಂಡು. ನಾನು ಕೋಟುಗಳ ನಡುವೆ ನಿಂತು ಕನ್ನಡದಲ್ಲಿ ಹರಟುತ್ತಿರುವಷ್ಟು ಹೊತ್ತೂ ಅವರು ಮುಂದಿನ ಕೋಣೆಯಲ್ಲಿ ಟಿವಿಯ ಸದ್ದು ತಗ್ಗಿಸಿ ಕೂತಿರುತ್ತಿದ್ದರು. ಒಂದು ಅಕ್ಷರ ಅರ್ಥವಾಗದ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರನ್ನು ನಾನು ಮತ್ತೆ ಕಂಡಿಲ್ಲ. ಫೋನು ಇಟ್ಟೊಡನೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ನಾನು ಅಮ್ಮ ಹೇಳಿದ್ದನ್ನು ದಾಟಿಸುತ್ತಿದ್ದೆ. ಒಂದು ವಾರ, ಎರಡು ವಾರ, ಕ್ರಿಸ್ಮಸ್ಸು ಕಳೆದ ಮೇಲೂ.

ಆಮೇಲೆ ಒಂದು ದಿನ ಅವರು ಕೇಳಿದರು: "ಏನು ಕೇಳಿದಳು?"

"ಅಂದರೆ?"

"ನನ್ನ ಬಗ್ಗೆ ಏನು ಕೇಳಿದಳು? ಸರಿಯಾಗಿ ಏನಂದಳು?"

ನನಗೆ ಆವರೆಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ನಮ್ಮಲ್ಲಿ 'ಕೇಳಿದರು' ಎಂದರೆ ಮುಗಿಯಿತು. ಅದರೊಳಗೆ ಪ್ರಶ್ನೆಯೊಂದು ಇರಬೇಕೆಂದು ಯಾರೂ ಹುಡುಕುವುದಿಲ್ಲ. ಮುಂದಿನ ವಾರ ವಿಚಾರಿಸಿ ಹೇಳುತ್ತೇನೆ ಎಂದೆ.

"ಅಮ್ಮ, ಅವಳು ನಿಜವಾಗ್ಲೂ ಕೇಳಿದ್ಲಾ?"

"ಯಾರೇ?"

"ಇನ್ಯಾರು, ನಿನ್ನ ಇಂಗ್ಲಿಷ್ ಮಗಳು."

"ಅವಳು ಗೇಟ್ ಹತ್ರ ಬೀದಿನಾಯಿಗೆ ರೊಟ್ಟಿ ಹಾಕ್ತಾ ಕೂತಿದಾಳೆ. ಅವಳೇನ್ ಕೇಳ್ತಾಳೆ, ನಾನೇ ಕೇಳ್ದೆ."

"ಮತ್ತೆ ಅವಳೂ ಕೇಳಿದ್ಲು ಅಂತ ಯಾಕಂದೆ?"

"ಮನೇಲಿರೋರ್ನ ಒಬ್ಬರನ್ನ ಬಿಟ್ಟು ಇನ್ನೊಬ್ಬರು ಕೇಳಿದ್ರು ಅನ್ನಕ್ಕಾಗತ್ತಾ? ಪ್ರತಿ ವಾರ ಅಜ್ಜಿ ಕೇಳಿದ್ರು ಅಂತೀನಿ. ಅಜ್ಜಿ ಒಳಗೆ ಗೊರಕೆ ಹೊಡೀತಿರ್ತಾರೆ. ಯಾವತ್ತಾದ್ರೂ ಎಬ್ಬಿಸಿ ವಿಚಾರಿಸಿದೀಯಾ ನೀನು?"

"ಆಕೆ ನಂಬಿದಾರೆ ಅಮ್ಮ."

"ನಂಬಿದ್ರೆ ಒಳ್ಳೇದೇ ಆಯ್ತು ಬಿಡು" ಎಂದಳು ಅಮ್ಮ.

ಅಮ್ಮ ಅದನ್ನು ಬರೀ ರೂಢಿಗೆ ಹೇಳಿದ್ದೋ, ಎರಡು ಸಲ 'ಬರುವುದಿಲ್ಲ ಅನ್ನುತ್ತಿದ್ದಾಳೆ' ಎಂದು ತನ್ನ ಬಾಯಿಂದಲೇ ಹೇಳಬೇಕಾಗಿ ಬಂದದ್ದಕ್ಕೆ ಬೇಕೆಂದೇ ಹೇಳಿದ್ದೋ, ನನಗೆ ಇವತ್ತಿಗೂ ತಿಳಿಯದು. ಈಚೆಗೆ ಕೇಳಿದರೆ, "ಹಾಗೆಲ್ಲ ಹೇಳಿದ್ನಾ ನಾನು?" ಎಂದಳು.

ಎರಡು ಬೀದಿ ಆಚೆ ಧಾರವಾಡ ಕಡೆಯ ಡಾಕ್ಟರೊಬ್ಬರ ಮನೆ ಇತ್ತು. ಅವರ ಹೆಂಡತಿ ತಿಂಗಳಿಗೊಮ್ಮೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಜೋಳದ ಹಿಟ್ಟು ಲೆಸ್ಟರ್‌ನಿಂದ ತರಿಸಿ ರೊಟ್ಟಿ ಬಡಿಯುತ್ತಿದ್ದರು. ಅವರಿಗೆ ಹೇಳಿದೆ. ಮೊದಲು ಹೊಟ್ಟೆ ಹಿಡಿದು ನಕ್ಕರು.

"ಯವ್ವಾ, ನಿಮ್ಮ ಮೈಸೂರ ಮಂದಿ! ಕೇಳದಿದ್ರೂ ಕೇಳ್ಯಾರ ಅಂತೀರಿ. ನಮ್ಮ ಕಡೆ ಜೀವಾ ಹೋಗೂವಷ್ಟು ನೆನಸಿದ್ರೂ ಬಾಯಿ ಬಿಡಂಗಿಲ್ಲ."

"ಈಗೇನ್ ಮಾಡ್ಲಿ ಆಂಟಿ? ಹೀಗೇ ನಡೀಲಾ?"

ನಗು ನಿಂತಿತು. "ಆಕಿ ನಮ್ಮ ಮನಿಯವರ ದವಾಖಾನಿಯಾಗ ಕೂಡ್ತಾಳಲ್ಲ. ಮಗಳು ವಾರಾ ವಾರಾ ನನ್ನ ಕೇಳ್ತಾಳ ಅಂತ ಎಲ್ಲಾರ ಮುಂದೂ ಹೇಳ್ಯಾಳಂತ. ನಮ್ಮವರ ಮುಂದನೂ ಹೇಳ್ಯಾಳ. ನಾಳೆ ಆ ಹುಡುಗಿ ವಾಪಸ್ ಬಂದು, ನಾ ಎಲ್ಲಿ ಕೇಳೀನಿ ಅಂದ್ರ, ಮುಖಾ ಎಲ್ಲಿ ಇಟ್ಕೋಬೇಕ ಆಕಿ? ಇವತ್ತ ಹೇಳಿಬಿಡು. ರೊಟ್ಟಿ ತಿಂದು ಹೋಗಿ ಹೇಳು."

ರೊಟ್ಟಿ ತಿಂದು ಹೋಗಿ ಹೇಳಿದೆ. ಹೇಗೆ ಹೇಳಿದೆ ಎಂಬುದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ನಮ್ಮ ರೂಢಿಯನ್ನು ಮೊದಲಿನಿಂದ ವಿವರಿಸಿ, ಗೊರಕೆ ಹೊಡೆಯುವ ಅಜ್ಜಿಯನ್ನೂ ಸೇರಿಸಿ, ಅವರನ್ನು ಸ್ವಲ್ಪ ನಗಿಸಿ, ನಂತರ ವಿಷಯಕ್ಕೆ ಬರುತ್ತೇನೆ. ಇನ್ನೊಂದರಲ್ಲಿ ಬಾಗಿಲು ತೆಗೆದೊಡನೆ ಕೋಟು ಕೂಡ ಬಿಚ್ಚದೆ, "ಅವಳು ಕೇಳಿರಲಿಲ್ಲ" ಎಂದುಬಿಡುತ್ತೇನೆ. ಎರಡನೆಯದೇ ನಿಜವಿರಬೇಕು. ಮೊದಲನೆಯದರಲ್ಲಿ ನನ್ನ ಇಂಗ್ಲಿಷು ತೀರಾ ಚೆನ್ನಾಗಿದೆ.

ಅವರು ಕೋಪಿಸಿಕೊಳ್ಳಲಿಲ್ಲ. ಟೀ ಕಪ್ಪನ್ನು ತೊಳೆದರು, ಒರೆಸಿದರು, ಮತ್ತೆ ತೊಳೆದರು.

"ಹಾಗಾದರೆ ಕೇಳುತ್ತಿದ್ದದ್ದು ಯಾರು?"

"ನನ್ನಮ್ಮ."

"ಪ್ರತಿ ವಾರ?"

"ಪ್ರತಿ ವಾರ."

ಮುಂದಿನ ಭಾನುವಾರ ಅವರು ಡ್ಯೂಟಿಗೆ ಹೋದರು. ಯಾರದೋ ಬದಲಿಗೆ, ಕೇಳಿ ಹಾಕಿಸಿಕೊಂಡು. ಖಾಲಿ ಮನೆಯಲ್ಲಿ ನಾನು ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ, "ಪಾಪ" ಎಂದಳು, ಆದರೂ ಸುತ್ತು ಬಿಡಲಿಲ್ಲ: ಅಪ್ಪ ಕೇಳಿದ್ರು, ಅಜ್ಜಿ ಕೇಳಿದ್ರು, ನಾನು ಕೇಳ್ದೆ ಅಂತ ಹೇಳು. ಇಷ್ಟಕ್ಕೆ ನಿಲ್ಲಿಸಿದಳು.

ಅದನ್ನೂ ತಲುಪಿಸಿದೆ. ಸಂಜೆ ಅವರು ಶೂ ಬಿಚ್ಚುತ್ತಿದ್ದಾಗ, "ನನ್ನಮ್ಮ ಕೇಳಿದಳು. ನನ್ನಮ್ಮ ಮಾತ್ರ" ಎಂದೆ.

"ನಿನ್ನಮ್ಮನಿಗೆ ಹೇಳು, ನನ್ನ ಎಡ ಮೊಣಕಾಲು ಸರಿಯಿಲ್ಲ ಅಂತ" ಎಂದರು. "ಗುಡ್ಡ ಹತ್ತೋಕೆ ಆಗ್ತಿಲ್ಲ. ಅಷ್ಟು ಸಲ ಕೇಳಿದ್ದಾರೆ, ಒಂದು ಸಲವೂ ಉತ್ತರ ಕೊಟ್ಟಿಲ್ಲ ನಾನು."

ಹೀಗೆ ಇಬ್ಬರು ತಾಯಂದಿರ ನಡುವೆ ಮೊಣಕಾಲಿನ ವ್ಯವಹಾರ ಶುರುವಾಯಿತು. ಅಮ್ಮ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು ಎಂದಳು. ಅಲ್ಲಿ ಚೀನೀ ಅಂಗಡಿಯಲ್ಲಿ ಸಿಕ್ಕಿದ ಎಳ್ಳೆಣ್ಣೆ ಹುರಿದ ಎಳ್ಳಿನದು. ಮನೆಯೆಲ್ಲ ಚಿಗಳಿಯ ವಾಸನೆ, ಮೊಣಕಾಲು ಹಾಗೇ ಇತ್ತು. ಬಡಾವಣೆಯ ಡಾಕ್ಟರಾದ ಜಿಪಿ ಹತ್ತಿರ ಹೋದದ್ದು, ಜಿಪಿ ತೂಕ ಇಳಿಸು ಎಂದದ್ದು, ಅದಕ್ಕೆ ಅಮ್ಮ "ಅವನಿಗೇನ್ ಗೊತ್ತು" ಎಂದದ್ದು, ಎಲ್ಲವೂ ನನ್ನ ಮೂಲಕ ಹೋಗಿಬಂದವು. ಅಮ್ಮ ಮಾತ್ರ ನಾನು ಹೇಳಿದ್ದನ್ನೆಲ್ಲ ಅಲ್ಲೇ ಜೋರಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಗೇಟಿನವರೆಗೂ ಕೇಳುವ ಹಾಗೆ: "ಯುವರ್ ಮದರ್ ನೀ ಈಸ್ ಪೇಯ್ನಿಂಗ್!"

ಮಾರ್ಚ್ ಇರಬೇಕು. ಕೋಟುಗಳು ಆಗಲೂ ಒದ್ದೆಯೇ. ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು.

"ಆಕೆ ಹತ್ರದಲ್ಲಿದಾರಾ? ಕೊಡು ಫೋನು."

"ನೀನೇನ್ ಮಾತಾಡ್ತೀಯಾ?"

"ನಿಂಗ್ಯಾಕೆ ಅದು? ಕೊಡೇ ಅಂದ್ರೆ."

ನಾನು ಕೈ ಸನ್ನೆ ಮಾಡಿದೆ. ಅವರು ಬಂದು, ಬಿಸಿ ಪಾತ್ರೆ ಹಿಡಿಯುವಂತೆ ಎರಡು ಕೈಯಲ್ಲಿ ರಿಸೀವರ್ ಹಿಡಿದುಕೊಂಡರು. ನಮ್ಮ ಮನೆಯ ಫೋನು ಯಾರ ಕೈಯಲ್ಲೂ ಬಹಳ ಹೊತ್ತು ನಿಲ್ಲುವುದಿಲ್ಲ. ಪಕ್ಕದಲ್ಲಿ ನಿಂತವರು ಬೇಡ ಬೇಡ ಎಂದರೂ ಕಿವಿಗೆ ಹಚ್ಚಿಬಿಡುತ್ತಾರೆ. ಅಲ್ಲಿ ಅಮ್ಮ ಇವರ ಮಗಳಿಗೆ ಅದನ್ನೇ ಮಾಡಿದ್ದಳೆಂದು ಇಲ್ಲಿ ಇವರ ಮುಖ ನೋಡಿಯೇ ತಿಳಿಯಿತು.

ನಾನು ಮೇಲೆ ಹೋಗಿ ಕೊನೆಯ ಮೆಟ್ಟಿಲಲ್ಲಿ ಕೂತೆ. ಕೇಳಬಾರದೆಂದು ಹೋದೆ, ಕೇಳಿಸುವಷ್ಟು ದೂರದಲ್ಲಿ ಕೂತೆ. ಮೊದಲು ಬರೀ ಹಲೋ. ಆಮೇಲೆ ಮೊಣಕಾಲು. ಆಮೇಲೆ ಅಲ್ಲಿ ಬಿಸಿಲು ಹೇಗಿದೆ. ನಂತರ ಯಾವ ಮಾತಿನಿಂದ ಎಂದು ಹಿಡಿಯಲಾಗಲಿಲ್ಲ, ದನಿ ಏರಿತು. "ನೀನು ಇಲ್ಲಿರಲಿಲ್ಲ." "ಕೇಳುವುದಕ್ಕೆ ಯಾರಿದ್ದರು?" ಮತ್ತೆ, ಮನೆಯೆಲ್ಲ ನಡುಗುವ ಹಾಗೆ: "ಶೆಡ್ಡಿನ ಬೀಗದ ಕೈ ನಿನ್ನ ಹತ್ತಿರವೂ ಇತ್ತಲ್ಲ! ಒಂದು ದಿನ ಹೋದೆಯಾ ನೀನು? ಒಂದು ದಿನ?"

ಆಮೇಲೆ ಸದ್ದಿಲ್ಲ. ಅವರು ರಿಸೀವರ್ ಹಿಡಿದು ಮೇಲೆ ನನ್ನತ್ತ ನೋಡುತ್ತಿದ್ದರು. ಕತ್ತಿನವರೆಗೂ ಕೆಂಪು.

"ಇಟ್ಟುಬಿಟ್ಟಳು."

ಇಳಿದು ಹೋಗಿ ಕಿವಿಗೆ ಹಚ್ಚಿ ನೋಡಿದೆ. "ಇಲ್ಲ, ಕಾರ್ಡು ಮುಗಿದಿದೆ."

"ಅವಳು ಇಡಲಿಲ್ಲವಾ?"

"ಇಲ್ಲ. ಮಾತಾಡ್ತಾನೇ ಇದ್ದಿರಬೇಕು ಇನ್ನೂ."

"ಎಲ್ಲಿ ಸಿಗುತ್ತೆ ಈ ಕಾರ್ಡು?"

ಹೇಳಿದೆ. ನಾನೇ ತರುತ್ತೇನೆ ಎನ್ನುವಷ್ಟರಲ್ಲಿ ಅವರು ಕೋಟು ಹಾಕಿಕೊಂಡು, ಕಾಲಲ್ಲಿ ಮನೆಯೊಳಗಿನ ಚಪ್ಪಲಿಯಲ್ಲೇ, ಆ ಮೊಣಕಾಲಿನಲ್ಲೇ ಇಳಿಜಾರಿನಲ್ಲಿ ಸರಸರ ಹೋದರು. ಒಂದು ಹಿಡಿ ಕಾರ್ಡು ತಂದರು. ನಂಬರುಗಳು ಬಹಳ, ನೀನೇ ಒತ್ತು ಎಂದರು. ಒತ್ತಿದೆ. ಎತ್ತಿದ್ದು ಅಮ್ಮ.

"ತಡಿ ತಡಿ. ಇಲ್ಲಿ ಅಳು ನಡೀತಿದೆ. ತಟ್ಟೆ ಹಾಕಿದೀನಿ, ಬಿಸಿ ಆರಿಹೋಗತ್ತೆ. ಹೊಟ್ಟೆಗೆ ಹಾಕ್ಕೊಂಡು ಆಮೇಲೆ ಜಗಳ ಆಡ್ಲಿ. ಅರ್ಧ ಗಂಟೆ ಬಿಟ್ಟು ಮಾಡಕ್ಕೆ ಹೇಳು."

ಹೇಳಿದೆ. ಅವರು ಕೋಟು ಬಿಚ್ಚದೆ ಕೆಳಗಿನ ಮೆಟ್ಟಿಲಲ್ಲಿ ಕೂತರು. ಗಂಡ ತೀರಿಕೊಂಡ ಮೇಲೆ ಒಂದೇ ಒಂದು ಸಲ ಗುಡ್ಡಕ್ಕೆ ಹೋಗಿದ್ದರಂತೆ. ಶೆಡ್ಡಿನ ಬಾಗಿಲು ತೆಗೆದರೆ ಆತನ ಗಮ್‌ಬೂಟುಗಳು ಬಾಗಿಲಿಗೇ ಮುಖ ಮಾಡಿ ನಿಂತಿದ್ದವಂತೆ, ಈಗಷ್ಟೇ ಕಾಲು ಹಾಕಿ ಹೊರಡುವ ಹಾಗೆ. ಇದನ್ನು ಅವರು ಹೇಳಿದ್ದು ನನಗಲ್ಲ ಎಂದೇ ನನ್ನ ನಂಬಿಕೆ. ಅರ್ಧ ಗಂಟೆಯ ನಂತರ ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದರು.

"ಈಗ ಅವಳು ಏನು ತಿನ್ನುತ್ತಿರುತ್ತಾಳೆ?" ಎಂದು ಕೇಳಿದರು.

"ಭಾನುವಾರ ರಾತ್ರಿ ಮೆಣಸಿನ ಸಾರು, ಅನ್ನ."

"ಖಾರವೇ?"

"ಖಾರವೇ. ಅಜ್ಜಿಗೆ ಶೀತ ಇದ್ದರಂತೂ ಬಹಳ."

ಅವರು ಗೋಡೆಯ ಗಡಿಯಾರ ನೋಡಿದರು.

"ಹಾಗಾದರೆ ನೀರು ಕುಡಿದು ಸುಧಾರಿಸಿಕೊಳ್ಳೋಕೆ ಇನ್ನೊಂದು ಐದು ನಿಮಿಷ ಕೊಡೋಣ."