ಮೂರು ಕಾಲಿನ ಕುರ್ಚಿ, ಕಿಟಕಿಯಾಚೆ ಚಂದ್ರ

ಚಿತ್ರದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಊಟಕ್ಕೆ ಕೂತಿದ್ದರು. ಕಿಟಕಿಯಾಚೆ ಚಂದ್ರ, ನಕ್ಷತ್ರ. ‘ಇದ್ರಲ್ಲಿ ಏನೋ ತಪ್ಪಾಗಿದೆ. ಏನು ಹೇಳು ಪುಟ್ಟಿ?’ ಎಂದರು ಟೆಸ್ಟ್ ಮಾಡುವ ಮೇಡಂ.

‘ಕತ್ತಲಾದ್ಮೇಲೆ ಉಣ್ತಾ ಅವ್ರೆ!’ ಎಂದಳು ನನ್ನ ಮಗಳು ಸುಪ್ರಭಾ, ಕಳ್ಳರನ್ನು ಹಿಡಿದುಕೊಟ್ಟವಳ ಹಾಗೆ.

ಸರಿಯುತ್ತರ ಅದಲ್ಲ. ಒಂದು ಕುರ್ಚಿಗೆ ಮೂರೇ ಕಾಲಿದ್ದವು. (ನಿಜ ಹೇಳಿಬಿಡುತ್ತೇನೆ: ನನಗೂ ಮೊದಲು ಕಂಡದ್ದು ಚಂದ್ರನೇ.)

ನಮ್ಮದು ಹಳೇಬೀಡಿನ ಜೈನರ ಮನೆ. ಕತ್ತಲಾಗುವ ಮೊದಲೇ ಊಟ ಮುಗಿಯಬೇಕು. ಆಟ ಎಷ್ಟೇ ಜೋರಾಗಿರಲಿ, ನಮ್ಮತ್ತೆ ಬಾಗಿಲಲ್ಲಿ ನಿಂತು ‘ಸುಪ್ಪೀ, ಹೊತ್ತು ಮುಳುಗ್ತೈತೆ, ಬಾರೇ ಉಣ್ಣೋಕೆ’ ಎಂದು ಕೂಗಿದರೆ ಓಡಿ ಬರಬೇಕು. ಅಂಥ ಮಗುವಿಗೆ ಕುರ್ಚಿಯ ಕಾಲು ಹೇಗೆ ಕಾಣಬೇಕು ಹೇಳಿ?

ಇವಳಿಗೆ ಓದು ಸ್ವಲ್ಪ ನಿಧಾನ. ಬುದ್ಧಿಮತ್ತೆಯ ಟೆಸ್ಟ್ ಮಾಡಿಸಿ, ಸ್ಕೋರ್ ಕಡಿಮೆ ಬಂದರೆ ಇನ್ನೊಂದು ವರ್ಷ ಒಂದನೇ ಕ್ಲಾಸಿನಲ್ಲೇ ಇರಲಿ ಎಂದಿದ್ದರು ಸ್ಕೂಲಿನವರು. ಗೆಳತಿಯರೆಲ್ಲ ಮುಂದಕ್ಕೆ, ಇವಳೊಬ್ಬಳು ಹಿಂದಕ್ಕೆ! ಅದಕ್ಕೇ ಅರಸೀಕೆರೆಯ ಬಸ್ಸು ಹತ್ತಿ ಈ ಮೇಡಂ ಹತ್ತಿರ ಬಂದಿದ್ದೆವು. ಟೆಸ್ಟ್ ಮುಗಿಯುವವರೆಗೆ ನಾನು ತುಟಿ ಬಿಚ್ಚುವಂತಿಲ್ಲ ಎಂಬ ಕಂಡೀಷನ್ ಬೇರೆ.

ಮೇಡಂ ಪೆನ್ನು ಎತ್ತಿದರು. ಯಾಕೋ ಮತ್ತೆ ಕೆಳಗಿಟ್ಟರು.

‘ಯಾಕೆ ಪುಟ್ಟಿ, ಕತ್ತಲಾದ್ಮೇಲೆ ಊಟ ಮಾಡಿದ್ರೆ ಏನಾಗುತ್ತೆ?’

‘ದೀಪಕ್ಕೆ ಹುಳ ಬತ್ತವೆ ಆಂಟಿ. ಅನ್ನದಲ್ಲಿ ಬಿದ್ದು ಸತ್ತೋಯ್ತವೆ. ಪಾಪ ಅಲ್ವಾ?’

ಮೇಡಂ ನನ್ನ ಕಡೆ ತಿರುಗಿದರು. ‘ನಮ್ದು ಜಾವಗಲ್ ಕಣ್ರೀ. ನಮ್ಮನೇಲಿ ಕತ್ತಲಾದ್ಮೇಲೇ ಊಟ. ನಂಗಿದು ಹೊಳೆದೇ ಇರ್ಲಿಲ್ಲ. ಇದಕ್ಕೆ ಮಾರ್ಕ್ಸ್ ಕೊಡೋಕೆ ರೂಲ್ಸ್ ಬಿಡಲ್ಲ. ಆದ್ರೆ ಇವಳು ಯೋಚನೆ ಮಾಡಿಯೇ ಉತ್ತರ ಹೇಳಿದ್ದಾಳೆ, ಪ್ರಶ್ನೆಯೇ ಇವಳಿಗೆ ಹೊಂದಲ್ಲ ಅಂತ ರಿಪೋರ್ಟಲ್ಲಿ ಬರೀತೀನಿ. ಬರೀ ಸ್ಕೋರ್ ನೋಡಿ ಮಗೂನ ಹಿಂದಕ್ಕೆ ಹಾಕ್ಬೇಡಿ ಅಂತ ಸ್ಕೂಲಿಗೂ ಹೇಳ್ತೀನಿ.’

ಹೇಳಿದರು. ಸ್ಕೂಲಿನವರು ಒಪ್ಪಿದರು ಕೂಡ. ಸುಪ್ರಭಾ ಈಗ ಎರಡನೇ ಕ್ಲಾಸು. ಓದು ಇನ್ನೂ ನಿಧಾನವೇ. ಆದರೆ ಗೆಳತಿಯರ ಮಧ್ಯೆ ಕೂತು ಓದುತ್ತಾಳೆ, ನಗುನಗುತ್ತಾ ಮನೆಗೆ ಬರುತ್ತಾಳೆ. ಮೇಡಂ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ನನಗೆ ಸಮಾಧಾನವಿಲ್ಲ.

ಆ ಚಿತ್ರ ಬರೆದವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರ ಮನೆಯಲ್ಲಿ ರಾತ್ರಿ ಊಟ ಇರಬಹುದು, ಇರಲಿ. ಎಲ್ಲರ ಮನೆಯ ಊಟದ ಹೊತ್ತು ಯಾರಿಗೆ ತಾನೇ ಗೊತ್ತಿರುತ್ತದೆ?

ಆದರೆ ತಪ್ಪು ಎಂದು ಗೀಟು ಎಳೆಯುವ ಮೊದಲು ‘ಯಾಕೆ ಪುಟ್ಟಿ’ ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?