ಬಸುರಿಯ ಬಯಕೆ, ನನ್ನ ಮೀನಮೇಷ

ಪತ್ರಿಕೆಯಲ್ಲಿ ಓದಿದ್ದನ್ನು ಮಧ್ಯಾಹ್ನದೊಳಗೆ ಯಾರಿಗಾದರೂ ಹೇಳದಿದ್ದರೆ ನನಗೆ ಉಂಡದ್ದು ಜೀರ್ಣವಾಗುವುದಿಲ್ಲ. ನಿವೃತ್ತ ಮಾಸ್ತರನಾದ ನಾನು ಜ್ಞಾನದಾನದಲ್ಲಿ ಕರ್ಣನೇ ಸರಿ; ಆದರೆ ಶಿಕ್ಷೆ ಮಾತ್ರ ಕೇಳುವವರ ಕರ್ಣಗಳಿಗೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ಮೀನಿನ ಮೈಯಲ್ಲಿ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳಿರುತ್ತವೆಂದು ಓದಿದ ದಿನ, ಹುಟ್ಟಾ ಸಸ್ಯಾಹಾರಿಯಾದ ನಾನು ಪರಮ ನಿಸ್ವಾರ್ಥದಿಂದ ಬಾಜೂ ಮನೆಯ ಶಾಂತಕ್ಕನ ಕಟ್ಟೆಯ ಮೇಲೆ ಕೂತು ಅದನ್ನು ಸವಿಸ್ತಾರವಾಗಿ ವಿವರಿಸಿದೆ. ಚೊಚ್ಚಲ ಹೆರಿಗೆಗೆಂದು ಮೂಡಲಗಿಯಿಂದ ಗೋಕಾಕದ ತವರಿಗೆ ಬಂದಿದ್ದ ಆಕೆಯ ಮಗಳು ರೇಣುಕಾ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಅಂದಿನಿಂದ ಮೀನು ಮುಟ್ಟಲಿಲ್ಲ. ಮೀನಿನ ಬಯಕೆಯೂ ಬಿಡಲಿಲ್ಲ. ಬೇರೆ ಏನು ಬಡಿಸಿದರೂ ಎರಡು ತುತ್ತಿಗೇ ಏಳುತ್ತಿದ್ದಳು.

ಕೆಲವು ದಿನಗಳ ಮೇಲೆ ಶಾಂತಕ್ಕ ನಮ್ಮ ಬಾಗಿಲಿಗೆ ಬಂದಳು.

"ಏನ್ರಿ ಮಾಸ್ತರ, ಹುಡುಗಿ ಸೊರಗಾಕತ್ತಾಳ. ಬಸುರಿ ಬಯಕಿ ತೀರಲಿಲ್ಲಂದ್ರ ಕೂಸಿನ ಕಿವಿ ಸೋರತಾವ, ಗೊತ್ತೈತಿಲ್ರಿ? ನೀವ ತಂದುಕೊಟ್ರ ತಿಂತಾಳಂತ. ಅಲ್ರಿ, ಆ ಪ್ಲಾಸ್ಟಿಕ್ ಹೊಳಿಗೆ ಬರೂದರ ಎಲ್ಲಿಂದ?"

"ಕ್ಯಾರಿಬ್ಯಾಗಿಂದ, ಪಾಲಿಯೆಸ್ಟರ್ ಅರಿವಿ ಒಗದ ನೀರಿಂದ..." ಎಂದು ಶುರುಮಾಡಿದವನು, ಹಗ್ಗದ ಮೇಲೆ ತೂಗುತ್ತಿದ್ದ ನನ್ನ ಪಾಲಿಯೆಸ್ಟರ್ ಅಂಗಿಗಳತ್ತ ಆಕೆಯ ದೃಷ್ಟಿ ಹೊರಳಿದ್ದು ಕಂಡು ಸುಮ್ಮನಾದೆ. ನಾನು ಮೀನು ತಿನ್ನುವುದಿಲ್ಲ, ಖರೆ. ಘಟಪ್ರಭೆಯ ಮೀನುಗಳು ಮಾತ್ರ ಇಷ್ಟು ವರ್ಷ ನನ್ನ ಅಂಗಿ ತಿಂದಿರಬೇಕು.

ಮರುದಿನ, ಮೀನಮೇಷ ಎಣಿಸುತ್ತಲೇ, ಜನ್ಮದಲ್ಲಿ ಮೊದಲ ಸಲ ಮೀನು ಮಾರ್ಕೆಟ್ಟಿಗೆ ಹೋದೆ. "ಎಂಥಾದು ಬೇಕ್ರಿ?" ಎಂದಳು ಮಾರುವವಳು. "ಶುದ್ಧ ಇರೂದು" ಎಂದೆ. ಆಕೆ ನಗುತ್ತ ಮೀನು ಹೆಚ್ಚಿ, ತೆಳ್ಳನೆಯ ಕ್ಯಾರಿಬ್ಯಾಗಿಗೆ ಹಾಕಹೊರಟಾಗ ಹೌಹಾರಿ ನನ್ನ ಹೆಗಲ ಮೇಲಿನ ನೂಲಿನ ಟವೆಲ್ಲನ್ನೇ ಹಾಸಿದೆ. ದಾರಿಯಲ್ಲಿ ಪರಿಚಯದವರೊಬ್ಬರು ಟವೆಲ್ಲಿನ ಗಂಟು ನೋಡಿ "ಕರದಂಟೇನ್ರಿ ಮಾಸ್ತರ?" ಎಂದರು. ಹೌದೆಂದೆ; ಹಿಂದೆ ಬರುತ್ತಿದ್ದ ಎರಡು ಬೆಕ್ಕುಗಳು ನಂಬಲಿಲ್ಲ.

ರೇಣುಕಾ ತಟ್ಟೆ ಬಳಿದು ಉಂಡಳು. ಅವಳ ಮುಖಕ್ಕೆ ಕಳೆ ಬಂದದ್ದು ನೋಡಿ ನನಗೆ ಕಣ್ಣು ತುಂಬಿ ಬಂತು.

"ಕಾಕಾ, ಇದರಾಗೂ ಪ್ಲಾಸ್ಟಿಕ್ ಇತ್ತೇನ್ರಿ?"

"ಇದ್ರೂ ಇರಬಹುದವಾ. ನನ್ನ ಅಂಗೀದು ಇದ್ರ ಕೂಸಿಗೆ ಹೇಳು, ಅಜ್ಜಂದು ತಪ್ಪಾತಂತ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. "ನೀವ ಹೇಳ್ರಿ. ಅದಕ್ಕ ಎಲ್ಲಾ ಕೇಳಸ್ತೈತಿ."

ಹೇಳಿದೆ. ನನ್ನ ಜೀವಮಾನದ ಅತ್ಯಂತ ಚಿಕ್ಕ ಭಾಷಣ ಅದು.